ಅರ್ಧ ಟ್ಯಾಂಕು

ಬರಲಿಲ್ಲ, ಆ ಗುಂಯ್ ಎನ್ನುವ ಸದ್ದು ಬರಲಿಲ್ಲ, ಇನ್ನೊಮ್ಮೆ ನೋಡೋಣ, ಕೀಲಿಯನ್ನು ಹಿಂದಕ್ಕೆ ತಿರುಗಿಸಿ ಹತ್ತು ಎಣಿಸಿ ಮತ್ತೆ ಮುಂದಕ್ಕೆ — ಎಂಜಿನ್ ಏಳುವಷ್ಟಲ್ಲ, ದೀಪಗಳು ಹೊತ್ತುವಷ್ಟು ಮಾತ್ರ — ಈಗ ಹಿಂದಿನ ಸೀಟಿನ ಕೆಳಗೆ ಎಲ್ಲೋ ಎರಡು ಸೆಕೆಂಡು ದುಂಬಿ ಗುಂಯ್‌ಗುಟ್ಟಿದಂತೆ ಕೇಳಬೇಕು, ಟ್ಯಾಂಕಿನ ಪೆಟ್ರೋಲನ್ನು ಎಂಜಿನ್ನಿಗೆ ದೂಡುವ ಪಂಪು ಎದ್ದಿದ್ದೇನೆ ಎಂದು ಹೇಳುವ ಸದ್ದು ಅದು, ಹದಿನಾರು ವರ್ಷದಿಂದ ಈ ಕಾರು ನಮ್ಮ ಮನೆಯಲ್ಲಿದ್ದರೂ ನಾನು ಒಮ್ಮೆಯೂ ಅದಕ್ಕೆ ಕಿವಿಗೊಟ್ಟವಳಲ್ಲ, ಇವತ್ತು ಕಿವಿಗೊಟ್ಟು ಕೂತರೆ ಬೀದಿಯ ಕೊನೆಯಲ್ಲಿ ಯಾರೋ ಎಲೆ ಊದುವ ಯಂತ್ರ ಓಡಿಸುತ್ತಿದ್ದಾರೆ, ಪಕ್ಕದ ಮನೆಯ ನಾಯಿ ಬೊಗಳುತ್ತಿದೆ, ನನ್ನ ಉಸಿರು ನನಗೇ ಕೇಳುತ್ತಿದೆ, ಪಂಪು ಮಾತ್ರ ಮೌನ. ಪೆಟ್ರೋಲಿನ ಮುಳ್ಳು ಖಾಲಿ ಗೆರೆಯ ಮೇಲೆ ಮಲಗಿದೆ. ಅರ್ಧ ಗಂಟೆಯ ಹಿಂದೆ ಅದು ಅಲ್ಲಿರಲಿಲ್ಲ, ನಾನು ನೋಡಿದೆ, ನನ್ನ ಎರಡು ಕಣ್ಣಿನಿಂದ ನೋಡಿದೆ, ನನ್ನ ಕಾರನ್ನು ಗಂಡ ಅನುರಾಗ್ ಆಫೀಸಿಗೆ ಒಯ್ದಿದ್ದಾನಲ್ಲ, ಕರಿಬೇವು ಮೊಸರು ತಂದುಬಿಡೋಣ ಎಂದು ಮಾವನ ಕಾರು ಹತ್ತಿದೆ, ಮುಳ್ಳು ಅರ್ಧದ ಮೇಲಿತ್ತು, ಹಿಂದಕ್ಕೆ ತೆಗೆದು ಗ್ಯಾರೇಜಿನ ಬಾಗಿಲು ದಾಟುವ ಮುಂಚೆಯೇ ಮುಳ್ಳು ಒಂದೇ ಉಸಿರಿಗೆ ಕೆಳಗೆ ಬಿತ್ತು, ಎಂಜಿನ್ನೂ ಅದರ ಜೊತೆಗೇ ಸತ್ತಿತು. ಅರ್ಧ ಟ್ಯಾಂಕು ಪೆಟ್ರೋಲು ಆರು ಅಡಿ ದೂರದಲ್ಲಿ ಖರ್ಚಾಗುವುದಿಲ್ಲ. ನೆಲ ನೋಡಿದೆ, ಒಂದು ಹನಿ ಇಲ್ಲ, ಮೂಸಿ ನೋಡಿದೆ, ವಾಸನೆಯಿಲ್ಲ. ಹನ್ನೊಂದು ದಿನದ ಹಿಂದೆ ಮಾವ ಹೇಳಿದ್ದು ಇದನ್ನೇ.

ಅವತ್ತು ಶನಿವಾರ, ತನ್ವಿಯನ್ನು ಕೊಲ್ಲಿಯ ಆಚೆ ಪಿಟೀಲು ಪಾಠಕ್ಕೆ ಕರೆದೊಯ್ಯುವುದು ಅವರ ಪಾಲಿನ ಕೆಲಸ, ಐದು ವರ್ಷದಿಂದ ಒಂದು ಶನಿವಾರ ತಪ್ಪಿಸಿದವರಲ್ಲ. ಅರವತ್ತೊಂಬತ್ತನೇ ವಯಸ್ಸಿನಲ್ಲಿ ಮೂರನೇ ಸಲಕ್ಕೆ ಲೈಸೆನ್ಸು ಪಾಸಾದ ಮನುಷ್ಯ, ಮೈಸೂರಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಭೂಗೋಳ ಪಾಠ ಮಾಡಿದ ವ್ಯಾಸರಾಜ ಮೇಷ್ಟ್ರು, ಈಗ ನಾವಿರುವ ಫ್ರೀಮಾಂಟಿನ ಕೆರೆಯ ಪಾರ್ಕಿಗೆ ಬರುವ ಅರ್ಧ ಡಜನ್ ಮುದುಕರಿಗೆ ಸಾರಥಿ. ಪೆಟ್ರೋಲಿನ ವಿಷಯದಲ್ಲಿ ಅವರಿಗೊಂದು ನೇಮ, ಮುಳ್ಳು ಅರ್ಧಕ್ಕಿಂತ ಕೆಳಗಿಳಿಯುವ ಹಾಗಿಲ್ಲ, ಅಕ್ಕಿ ಡಬ್ಬವನ್ನು ತಳ ಕಾಣಲು ಬಿಡಬಾರದಮ್ಮ, ಇದೂ ಹಾಗೇ ಅನ್ನೋರು, ಅಕ್ಕಿ ಮುಗಿಯಿತು ಎನ್ನುವ ಮಾತನ್ನೂ ಬಾಯಲ್ಲಿ ಆಡದೆ ಅಕ್ಕಿ ಹೆಚ್ಚಿತು ಎನ್ನುವ ಜಾತಿಯವರು. ಅಂಥವರ ಕಾರು ಕೊಲ್ಲಿ ದಾಟುವ ಡಂಬಾರ್ಟನ್ ಸೇತುವೆಯ ಮೇಲೆ ನಿಂತಿತು. ಫೋನು ಬಂದಾಗ ನನಗೆ ಕೇಳಿಸಿದ್ದು ಅವರ ಮಾತಲ್ಲ, ಅವರ ಹಿಂದೆ ಟ್ರಕ್ಕುಗಳು ಹಾದುಹೋಗುವ ಸದ್ದು, ಆ ಸದ್ದಿನ ಮಧ್ಯೆ ನನ್ನ ಒಂಬತ್ತು ವರ್ಷದ ಮಗಳು. ನಾನೂ ಅನುರಾಗನೂ ಇನ್ನೊಂದು ಕಾರಿನಲ್ಲಿ ಓಡಿದೆವು. ರಸ್ತೆ ಸಹಾಯದವನು ನಮಗಿಂತ ಮುಂಚೆ ಬಂದಿದ್ದ, ಮುಳ್ಳು ನೋಡಿ ಔಟ್ ಆಫ್ ಗ್ಯಾಸ್ ಎಂದು ನಕ್ಕ, ಒಂದು ಗ್ಯಾಲನ್ ಪೆಟ್ರೋಲು ಸುರಿದ, ಬಾನೆಟ್ಟು ಡಬ್ಬೆಂದು ಮುಚ್ಚಿದ, ಕಾರು ಎದ್ದಿತು. ಇನ್ನೇನು ಸಾಕ್ಷಿ ಬೇಕು? ಮಾವ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, ಶೈಲಜಾ, ಪೆಟ್ರೋಲು ಇತ್ತಮ್ಮ, ಅರ್ಧದ ಮೇಲೇ ಇತ್ತು ಎಂದರು. ನಾನು ತನ್ವಿಯನ್ನು ತಬ್ಬಿಕೊಂಡು ನಿಂತಿದ್ದೆ, ಅವಳು ಹೆದರಿರಲಿಲ್ಲ, ತಾತ ಅವಳಿಗೆ ಕೆಳಗಿನ ಉಪ್ಪಿನ ಮಡಿಗಳ ಪಾಠ ಮಾಡುತ್ತಿದ್ದರಂತೆ, ಹೆದರಿದ್ದವಳು ನಾನು, ಹೆದರಿದವಳ ಬಾಯಿಂದ ಬಂದ ಮಾತು — ಇತ್ತು ಅಂತ ನಿಮಗನ್ಸುತ್ತೆ ಮಾವ. ಅಷ್ಟೇ ಹೇಳಿದ್ದು, ಬೈಯಲಿಲ್ಲ, ಕೂಗಲಿಲ್ಲ, ನಿಮಗನ್ಸುತ್ತೆ ಎಂದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆ ರಾತ್ರಿ ಊಟವಾದ ಮೇಲೆ ಅವರು ಕಾರಿನ ಕೀಲಿಯನ್ನು ತಂದು ಮೊಸರಿನ ಬಟ್ಟಲಿನ ಪಕ್ಕದಲ್ಲಿಟ್ಟು ಮಲಗಲು ಹೋದರು, ಅನುರಾಗ್ ಅದನ್ನು ಎತ್ತಿ ಡ್ರಾಯರಿಗೆ ಹಾಕಿದ, ನಾನು ಮೇಜು ಒರೆಸಿದೆ.

ಸರಿ, ಸೀಟು ಬಿಚ್ಚು, ಹತ್ತೂ ಇಪ್ಪತ್ತು, ಹನ್ನೆರಡೂವರೆಗೆ ಅನುರಾಗ್ ಬರುತ್ತಾನೆ, ಎರಡು ಗಂಟೆಗೆ ವಾಲ್ನಟ್ ಕ್ರೀಕಿನ ಕ್ಲಿನಿಕ್ಕಿನಲ್ಲಿ ಮಾವನಿಗೆ ಅಪಾಯಿಂಟ್‌ಮೆಂಟು, ಅಷ್ಟರೊಳಗೆ ನನಗೆ ಗೊತ್ತಾಗಬೇಕು. ವಿಡಿಯೊದಲ್ಲಿ ಗಡ್ಡದವನೊಬ್ಬ ಹಿಂದಿನ ಸೀಟನ್ನು ದೋಸೆ ಎಬ್ಬಿಸಿದ ಹಾಗೆ ಎಬ್ಬಿಸಿದ, ಹತ್ತು ನಿಮಿಷದ ಕೆಲಸ ಎಂದ, ಅವನ ಗಡ್ಡಕ್ಕಿಷ್ಟು, ಸೀಟಿನ ಮುಂದಿನ ಅಂಚಿಗೆ ಎರಡೂ ಕೈ ಹಾಕಿ ಎಳೆದರೆ ಜಪ್ಪಯ್ಯ ಎಂದರೂ ಏಳುವುದಿಲ್ಲ, ಎರಡು ಕ್ಲಿಪ್ಪುಗಳಿವೆಯಂತೆ, ಎಡಕ್ಕೊಂದು ಬಲಕ್ಕೊಂದು, ಹದಿನಾರು ವರ್ಷ ಹಿಡಿದದ್ದನ್ನು ಬಿಡುವುದು ಅವಕ್ಕೂ ಕಷ್ಟವೇ, ಬಾಗಿಲಿಗೆ ಕಾಲು ಕೊಟ್ಟು ಎಳಿ ಶೈಲಜಾ, ಎಳಿ, ಉಗುರು ಹೋದರೆ ಹೋಗಲಿ — ಎಡಗಡೆಯದು ಟಪ್ಪೆಂದಿತು. ಗೌತಮ್ ಇದ್ದಿದ್ದರೆ ನಗುತ್ತಿದ್ದ. ನನ್ನ ಮೊದಲ ಮ್ಯಾನೇಜರು ಅವನು, ಹತ್ತೊಂಬತ್ತು ವರ್ಷದ ಹಿಂದೆ, ನಮ್ಮ ಕೆಲಸವೇ ಕೆಟ್ಟುಬಂದ ಚಿಪ್ಪುಗಳನ್ನು ಬಿಚ್ಚಿ ಯಾಕೆ ಕೆಟ್ಟಿತು ಎಂದು ಹುಡುಕುವುದು, ಗ್ರಾಹಕ ತಪ್ಪಾಗಿ ಬಳಸಿದ್ದಾನೆ ಎಂದು ನಾನು ಬರೆದುಕೊಟ್ಟ ಮೊದಲ ವರದಿಯನ್ನು ಅವನು ಹಾಗೇ ವಾಪಸು ಮಾಡಿದ್ದ, ಮನುಷ್ಯನ ತಪ್ಪು ಅಂತ ಬರೆಯೋ ಮುಂಚೆ ಪಾರ್ಟು ಬಿಚ್ಚಿ ನೋಡು, ಬಿಚ್ಚದೇ ಬರೆದರೆ ಅದು ವರದಿ ಅಲ್ಲ, ಚಾಡಿ. ಈ ಮಾತನ್ನು ನಾನೇ ಎಷ್ಟು ಹೊಸಬರಿಗೆ ಹೇಳಿದ್ದೇನೆ, ಜಂಬದಿಂದ ಹೇಳಿದ್ದೇನೆ, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆಯನ್ನು ಇಂಗ್ಲಿಷಿಗೆ ತಿರುಗಿಸಿ ಸ್ಲೈಡಿನ ಮೇಲೆ ಹಾಕಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಮನೆಯಲ್ಲಿ ಮಾತ್ರ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟಿದೆ. ಬಲಗಡೆಯದೂ ಬಿಟ್ಟಿತು.

ಚಾಡಿ, ಹೌದು, ಅದೇ ಸರಿಯಾದ ಪದ, ಯಾಕೆಂದರೆ ನಾನು ಅದನ್ನು ಬರೆದೂ ಕೊಟ್ಟಿದ್ದೇನೆ. ಸೇತುವೆಯ ಮೇಲೆ ನಿಂತದ್ದಾದ ಮೇಲೆ ನಾವೇ ಗೊತ್ತುಮಾಡಿದ ಕ್ಲಿನಿಕ್ಕಿನಿಂದ ಕಳೆದ ಭಾನುವಾರ ಫೋನಿಗೆ ಫಾರ್ಮು ಬಂತು, ನೆನಪಿನ ಪರೀಕ್ಷೆಗೆ ಮುಂಚೆ ಮನೆಯವರು ತುಂಬಬೇಕಾದದ್ದು, ಹಣ, ಅಡಿಗೆ, ದಾರಿ, ಔಷಧಿ, ಎಲ್ಲದಕ್ಕೂ ತೊಂದರೆಯಿಲ್ಲ ತೊಂದರೆಯಿಲ್ಲ ಎಂದು ಒತ್ತುತ್ತಾ ಬಂದೆ, ವಾಹನ ಎಂಬಲ್ಲಿ ನಿಂತೆ, ಅಲ್ಲೊಂದು ಖಾಲಿ ಚೌಕ, ಉದಾಹರಣೆ ಕೊಡಿ ಎಂದು. ಕೊಟ್ಟೆ. ಪೆಟ್ರೋಲು ಹಾಕಿಸಲು ಮರೆತು ಮಗುವಿನೊಂದಿಗೆ ಸೇತುವೆಯ ಮೇಲೆ ನಿಂತರು, ಮರೆತಿದ್ದನ್ನು ಒಪ್ಪಿಕೊಳ್ಳುತ್ತಿಲ್ಲ. ಎರಡನೇ ಭಾಗವನ್ನು ಬರೆಯುವಾಗ ಎಷ್ಟು ಬುದ್ಧಿವಂತೆ ಎನಿಸಿತ್ತು ನನಗೆ, ಒಪ್ಪಿಕೊಳ್ಳದಿರುವುದೂ ಒಂದು ಲಕ್ಷಣವೆಂದು ಎಲ್ಲೋ ಓದಿದ್ದೆನಲ್ಲ. ಡಾಕ್ಟರು ಇವತ್ತು ಮರೆವಿನ ರೋಗ ಎಂದು ಬರೆದರೆ ಅದು ಲೈಸೆನ್ಸು ಕೊಡುವ ಇಲಾಖೆಗೆ ಹೋಗುತ್ತದೆ, ಈ ರಾಜ್ಯದ ಕಾನೂನು ಅದು, ಆಮೇಲೆ ಲೈಸೆನ್ಸು ಹೋಗುತ್ತದೆ, ಕೆರೆ ಪಾರ್ಕು ಹೋಗುತ್ತದೆ, ಶನಿವಾರದ ಪಿಟೀಲು ಹೋಗುತ್ತದೆ, ಈ ಊರಿನಲ್ಲಿ ಕಾರಿಲ್ಲದ ಮುದುಕ ಎಂದರೆ ಕಿಟಕಿಯ ಪಕ್ಕ ಇಟ್ಟ ಕುಂಡ. ಮತ್ತೆ ಆ ಗಡಿಯಾರಗಳು. ಒಂದು ವಾರದಿಂದ ಮನೆತುಂಬ ಗಡಿಯಾರ, ಹಲ್ಲಿನ ಡಾಕ್ಟರ ಲಕೋಟೆಯ ಹಿಂದೆ, ತನ್ವಿಯ ಲೆಕ್ಕದ ಹಾಳೆಯ ಅಂಚಿನಲ್ಲಿ, ಗ್ರೋಸರಿ ಅಂಗಡಿಯ ಜಾಹೀರಾತಿನ ಮೇಲೆ, ಒಂದು ವೃತ್ತ, ಒಳಗೆ ಹನ್ನೆರಡು ಅಂಕಿ, ಎರಡು ಮುಳ್ಳು. ಅಮ್ಮಾ, ತಾತ ಈಸ್ ಡ್ರಾಯಿಂಗ್ ಕ್ಲಾಕ್ಸ್ ಎಗೇನ್, ತನ್ವಿ ಬಂದು ಹೇಳಿದಳು, ನಾನು ಅನುರಾಗನ ಮುಖ ನೋಡಿದೆ, ನೋಡು, ನೋಡಿದೆಯಾ, ಮಾತಾಡದೆಯೇ ಅಂದೆ. ಈಗ ಸೀಟಿನ ಕೆಳಗಿನ ಸ್ಕ್ರೂಗಳನ್ನು ಬಿಚ್ಚಬೇಕು, ಕಳೆದುಹೋಗದಂತೆ ಇಡಲು ಒಂದು ಕಾಗದ, ಜೇಬಿನಲ್ಲಿ ಬೆಳಿಗ್ಗೆ ಫ್ರಿಜ್ಜಿನ ಬಾಗಿಲಿನಿಂದ ಕಿತ್ತುಕೊಂಡ ಸಾಮಾನಿನ ಚೀಟಿ, ಕರಿಬೇವು, ಮೊಸರು, ಅದರ ಕೆಳಗೆ ಇಲ್ಲೂ ಒಂದು ಗಡಿಯಾರ. ಹನ್ನೊಂದು ಗಂಟೆ ಹತ್ತು ನಿಮಿಷ. ಲಕೋಟೆಯ ಮೇಲಿನದೂ ಹನ್ನೊಂದು ಹತ್ತು, ಜಾಹೀರಾತಿನ ಮೇಲಿನದೂ. ಅಯ್ಯೋ, ಈ ಪರೀಕ್ಷೆಯಲ್ಲಿ ಗಡಿಯಾರ ಬರೆಸುತ್ತಾರೆ ಎಂದು ಜಯರಾಮ್ ಹೇಳಿರಬೇಕು, ಕೆರೆ ಪಾರ್ಕಿನ ಗೆಳೆಯ, ಹೋದ ವರ್ಷ ಅವರನ್ನೂ ಇದೇ ಪರೀಕ್ಷೆಗೆ ಕೂಡಿಸಿದ್ದರು, ಹನ್ನೊಂದು ಹತ್ತು ತೋರಿಸಿ ಅಂತಾರೆ ಕಣ್ರೀ ಎಂದಿರಬೇಕು. ಮಾವ ಅಭ್ಯಾಸ ಮಾಡುತ್ತಿದ್ದಾರೆ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಭೂಪಟ ಬರೆಸಿ ಬರೆಸಿ ಪಾಸು ಮಾಡಿಸಿದ ಮೇಷ್ಟ್ರು ಎಪ್ಪತ್ನಾಲ್ಕನೇ ವಯಸ್ಸಿನಲ್ಲಿ ಪರೀಕ್ಷೆಗೆ ಓದುತ್ತಿದ್ದಾರೆ, ನಾನು ಅದನ್ನು ರೋಗ ಎಂದು ಓದಿದೆ.

ಕಣ್ಣು ಒರೆಸಿಕೊಳ್ಳಬೇಡ, ಕೈಯಲ್ಲಿ ಗ್ರೀಸಿದೆ, ಕೆಲಸ ನೋಡು. ಸೀಟು ಎತ್ತಿ ಗ್ಯಾರೇಜಿನ ಗೋಡೆಗೆ ಒರಗಿಸಿದ್ದಾಯಿತು, ಅದರ ಕೆಳಗೆ ನಮ್ಮ ಸಂಸಾರದ ಹದಿನಾರು ವರ್ಷ, ಚುರುಮುರಿ, ಕ್ರೇಯಾನು, ಒಂದು ಹೇರ್‌ಪಿನ್ನು, ತನ್ವಿಯ ಮೊದಲ ಬೂಟಿನ ಒಂದು ಲೇಸು, ಹುಡುಕಿದ್ದೆವು ಇದನ್ನು ಎಷ್ಟು ದಿನ, ಮತ್ತೆ ಇದೇನು, ಒಣಗಿ ಕಪ್ಪಾದ ಕರಿಬೇವಿನ ಎಲೆ, ಸಾಸಿವೆ ಕಾಳು, ಇನ್ನೊಂದು ಎಲೆ, ಕೆಳಗಿನ ದಪ್ಪ ಹಾಸಿನ ಮೇಲೆ ದೊಡ್ಡದೊಂದು ಕಂದು ಕಲೆ, ಅಂಚಿನಲ್ಲಿ ಬಿಳಿಯ ಉಪ್ಪಿನ ಗೆರೆ, ಕೊಲ್ಲಿಯ ಅಂಚಿನ ಮಡಿಗಳಲ್ಲಿ ನೀರು ಆರಿದ ಮೇಲೆ ಉಳಿಯುತ್ತದಲ್ಲ ಹಾಗೆ. ಹುಳಿ. ಯುಗಾದಿಯ ಹುಳಿ. ಮೂರು ತಿಂಗಳ ಹಿಂದೆ ಕನ್ನಡ ಕೂಟದ ಊಟಕ್ಕೆ ಎಂಬತ್ತು ಜನರಿಗಾಗುವಷ್ಟು ಹುಳಿ ಮಾಡಿ, ತಪ್ಪಲೆಯ ಬಾಯಿಗೆ ಬಟ್ಟೆ ಕಟ್ಟಿ, ಇದೇ ಸೀಟಿನ ಮೇಲಿಟ್ಟು ಬೆಲ್ಟು ಹಾಕಿ ಹೊರಟವಳು ನಾನು, ಮಿಷನ್ ಬುಲವಾರ್ಡಿನ ಸಿಗ್ನಲ್ಲಿನಲ್ಲಿ ಜೋರಾಗಿ ಬ್ರೇಕು ಒತ್ತಿದವಳೂ ನಾನು. ತಪ್ಪಲೆ ಮುಗ್ಗರಿಸಿತು, ಕಾಲು ಭಾಗ ಸೀಟು ಕುಡಿಯಿತು. ಕುಡಿದರೆ ಕುಡಿಯಲಿ, ಒದ್ದೆ ಬಟ್ಟೆಯಲ್ಲಿ ಒರೆಸಿದ್ದರೆ ಆಗುತ್ತಿತ್ತು. ಮನೆಗೆ ಬಂದವಳಿಗೆ ನಂಜಮ್ಮಜ್ಜಿ ಮೈಮೇಲೆ ಬಂದಳು, ನನ್ನ ತಾಯಿಯ ತಾಯಿ, ಅನ್ನ ಹುಳಿ ತಾಗಿದ ಜಾಗವೆಲ್ಲ ಮುಸುರೆ, ಮುಸುರೆಯನ್ನು ಒರೆಸಿದರೆ ಹೋಗುವುದಿಲ್ಲ, ನೀರು ಹುಯ್ದು ತೊಳೆಯಬೇಕು ಎಂದು ಬಡಿದು ಬುದ್ಧಿ ಕಲಿಸಿದವಳು, ನೆಲಕ್ಕೆ ಒಂದು ಅಗುಳು ಬಿದ್ದರೂ ಚೊಂಬು ಹಿಡಿದು ಬರುತ್ತಿದ್ದವಳು. ಮನೆಯಲ್ಲಿ ಮಾವ ಬೇರೆ ಇದ್ದಾರೆ, ಮಡಿವಂತರು, ಮುಸುರೆ ಸೀಟಿನ ಮೇಲೆ ಹೇಗೆ ಕೂಡುತ್ತಾರೆ ಎಂದು ನಾನೇ ಅಂದುಕೊಂಡು ಒಂದಲ್ಲ ಎರಡಲ್ಲ ಐದು ಚೊಂಬು ನೀರು ಹುಯ್ದೆ, ಸೋಡಾಪುಡಿ ಹಾಕಿ ಉಜ್ಜಿದೆ, ಮತ್ತೆ ಮೂರು ಚೊಂಬು. ಮಾವ ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಒರೆಸಿದ್ರೆ ಸಾಕಿತ್ತಮ್ಮ, ಕಾರಿಗೆ ಎಂಥಾ ಮುಸುರೆ ಎಂದರು. ಲ್ಯಾಬಿನಲ್ಲಿ ಬೋರ್ಡಿನ ಹತ್ತಿರ ಯಾರಾದರೂ ಕಾಫಿ ಲೋಟ ತಂದರೆ ಕೆಂಡವಾಗುವವಳು ನಾನು.

ಹಾಸು ಸರಿಸಿದೆ. ಅಂಗೈ ಅಗಲದ ದುಂಡು ತಗಡು, ನಾಲ್ಕು ಸ್ಕ್ರೂ, ಅಂಚಿಗೆ ಹಾಕಿದ್ದ ಕಪ್ಪು ಅಂಟು ಒಂದು ಕಡೆ ಒಣಗಿ ಬಿರುಕುಬಿಟ್ಟಿದೆ, ಕಲೆ ನೇರವಾಗಿ ಆ ಬಿರುಕಿನೊಳಗೆ ಇಳಿದಿದೆ, ನೀರು ದಾರಿ ಹುಡುಕುತ್ತದೆ ಎಂದು ಸುಮ್ಮನೆ ಹೇಳುವುದಿಲ್ಲ. ಒಂದು, ಎರಡು, ಮೂರನೆಯದು ತುಕ್ಕು ಹಿಡಿದಿದೆ, ಬಾ ಮಾರಾಯ, ನಾಲ್ಕು, ಸ್ಕ್ರೂಗಳೆಲ್ಲ ಚೀಟಿಯ ಮೇಲೆ, ಗಡಿಯಾರದ ಸುತ್ತ. ತಗಡು ಎತ್ತಿದೆ, ಪೆಟ್ರೋಲಿನ ವಾಸನೆ ಸ್ವಲ್ಪವೇ ಸ್ವಲ್ಪ, ಗ್ಯಾರೇಜಿನ ಬಾಗಿಲು ತೆರೆದೇ ಇದೆ, ಭಯವಿಲ್ಲ, ಒಳಗೆ ಪಂಪಿನ ನೆತ್ತಿ, ನೆತ್ತಿಯ ಮೇಲೆ ಪ್ಲಗ್ಗು, ನಾಲ್ಕು ವಯರು. ಮೂರು ಚೆನ್ನಾಗಿವೆ. ಕಪ್ಪು ವಯರಿನ ಬುಡ ಹಸಿರು, ನಮ್ಮ ಹಿತ್ತಾಳೆ ಪಾತ್ರೆಗೆ ಹಿಡಿಯುವ ಕಿಲುಬು, ಅದೇ ಹಸಿರು, ಉಪ್ಪು ಹುಳಿ ನೀರು ಮೂರೂ ಸೇರಿ ಮೂರು ತಿಂಗಳು ಕೂತು ತಿಂದಿವೆ. ನಿಧಾನ, ಹಾರಬೇಡ, ಕಣ್ಣಿಗೆ ಕಂಡದ್ದಕ್ಕೇ ಕುಣಿದು ಒಂದು ಸಲ ಕೆಟ್ಟಿದ್ದೀಯ, ಪ್ರಮಾಣ ಬೇಕು. ಪಂಪಿನ ಕರೆಂಟೂ ಮುಳ್ಳಿನ ಕರೆಂಟೂ ವಾಪಸು ಹೋಗುವುದು ಈ ಒಂದೇ ಕಪ್ಪು ವಯರಿನಲ್ಲಿ, ಇದು ಕೈಕೊಟ್ಟರೆ ಎರಡೂ ಒಟ್ಟಿಗೆ ಸಾಯಬೇಕು, ಟ್ಯಾಂಕಿನಲ್ಲಿ ಎಷ್ಟೇ ಪೆಟ್ರೋಲಿರಲಿ ಮುಳ್ಳು ಖಾಲಿ ಎನ್ನಬೇಕು. ಫೋನನ್ನು ಸ್ಟೇರಿಂಗಿಗೆ ಒರಗಿಸಿ ಮುಳ್ಳಿನ ಎದುರು ನಿಲ್ಲಿಸಿದೆ, ವಿಡಿಯೊ ಒತ್ತಿದೆ, ಹಿಂದೆ ಬಂದು ಮಂಡಿಯೂರಿ, ಒಂದು ಕೈಯನ್ನು ಮುಂದಿನ ಸೀಟುಗಳ ನಡುವೆ ಚಾಚಿ ಕೀಲಿ ತಿರುಗಿಸಿದೆ, ಇನ್ನೊಂದು ಕೈಯ ಎರಡು ಬೆರಳಿನಿಂದ ಪ್ಲಗ್ಗನ್ನು ಎಡಕ್ಕೆ ಒತ್ತಿದೆ, ಏನಿಲ್ಲ, ಮತ್ತೆ ಕೀಲಿ, ಬಲಕ್ಕೆ ಒತ್ತಿದೆ, ಏನಿಲ್ಲ, ಮತ್ತೆ ಕೀಲಿ, ಕೆಳಕ್ಕೆ — ಗುಂಯ್ ಎಂದಿತು. ನನ್ನ ಬೆರಳಿನ ಕೆಳಗೆ ಎದ್ದು ಮಾತಾಡಿತು. ಬಿಟ್ಟೆ, ಸುಮ್ಮನಾಯಿತು. ಮತ್ತೆ ಕೀಲಿ, ಮತ್ತೆ ಒತ್ತು, ಮತ್ತೆ ಗುಂಯ್, ಐದು ಸಲ ಮಾಡಿದೆ. ಮುಂದೆ ಹೋಗಿ ವಿಡಿಯೊ ನೋಡಿದರೆ ಮುಳ್ಳು ಏಳುತ್ತಿದೆ, ಬೀಳುತ್ತಿದೆ, ಏಳುತ್ತಿದೆ, ಎದ್ದಾಗಲೆಲ್ಲ ಅರ್ಧದ ಗೆರೆಯನ್ನು ದಾಟಿ ನಿಲ್ಲುತ್ತಿದೆ.

ಇನ್ನು ಲೆಕ್ಕ, ತನ್ವಿ ಮಾಡುವಂಥ ಲೆಕ್ಕ. ಈ ಟ್ಯಾಂಕಿಗೆ ಹದಿಮೂರು ಗ್ಯಾಲನ್, ಅವತ್ತು ಸೇತುವೆಯಲ್ಲಿ ಸುರಿದದ್ದು ಒಂದು, ಅಲ್ಲಿಂದ ಮನೆಗೆ ಬಂದ ಮೇಲೆ ಕಾರು ಇಲ್ಲಿಂದ ಕದಲಿಲ್ಲ, ಟ್ಯಾಂಕು ನಿಜಕ್ಕೂ ಒಣಗಿದ್ದರೆ ಮುಳ್ಳು ಇವತ್ತು ಖಾಲಿ ಗೆರೆಯಿಂದ ಕೂದಲೆಳೆ ಮೇಲಿರಬೇಕಿತ್ತು. ಅರ್ಧದ ಮೇಲಿದೆ. ಸುರಿದ ಒಂದು ಗ್ಯಾಲನ್ನಿನಿಂದ ಕಾರು ಎದ್ದದ್ದಲ್ಲ, ಬಾನೆಟ್ಟು ಬಡಿದ ಏಟಿಗೋ ಕಾರು ಅಲುಗಾಡಿದ್ದಕ್ಕೋ ಪ್ಲಗ್ಗು ಕಚ್ಚಿಕೊಂಡು ಎದ್ದದ್ದು. ಅರ್ಧದ ಮೇಲೇ ಇತ್ತಮ್ಮ. ಇನ್ನೊಂದು ನೆನಪಾಗುತ್ತಿದೆ, ನೆನಪಾಗದಿದ್ದರೆ ಚೆನ್ನಾಗಿತ್ತು, ಸೇತುವೆಯಿಂದ ವಾಪಸು ಬರುವಾಗ ತನ್ವಿಯನ್ನು ಅನುರಾಗನ ಜೊತೆ ಕಳಿಸಿ ಈ ಕಾರನ್ನು ನಾನು ಓಡಿಸಿದೆ, ಮಾವ ಪಕ್ಕದಲ್ಲಿ ಮಡಿಲಲ್ಲಿ ಕೈಯಿಟ್ಟು ಕೂತಿದ್ದರು, ಮುಳ್ಳು ನೋಡಮ್ಮ ಒಂದ್ಸಲ ಎಂದರು, ಬರೀ ಒಂದ್ಸಲ. ಈಗ ಮಾತು ಬೇಡ ಮಾವ ಎಂದು ರಸ್ತೆಯನ್ನೇ ನೋಡಿಕೊಂಡು ಬಂದೆ. ಕಣ್ಣನ್ನು ಒಂದು ಗೇಣು ಕೆಳಗಿಳಿಸಿದ್ದರೆ ಸಾಕಿತ್ತು, ಹಠಕ್ಕೆ ಇಳಿಸಲಿಲ್ಲ, ಒಂದು ಗ್ಯಾಲನ್ನಿಗೆ ಅರ್ಧ ಟ್ಯಾಂಕು ತುಂಬುವುದಿಲ್ಲ ಎಂದು ಮೂರನೇ ಕ್ಲಾಸಿನ ಮಗುವಿಗೂ ಹೊಳೆಯುತ್ತಿತ್ತು. ಮಾಡಿದ್ದುಣ್ಣೋ ಮಹರಾಯ ಅಂತಾರೆ, ಇಲ್ಲಿ ಮಾಡಿದವಳು ನಾನು, ಹನ್ನೊಂದು ದಿನ ಉಂಡವರು ಅವರು. ನನ್ನ ಮೇಲೆ ನನಗೆ ಎಷ್ಟು ಸಿಟ್ಟು ಬರುತ್ತಿದೆಯೆಂದರೆ ಈ ಪ್ಲಗ್ಗನ್ನು ಕಿತ್ತು ಎಸೆಯುವಷ್ಟು, ಎಸೆಯುವುದಿಲ್ಲ, ಸರಿ ಮಾಡುತ್ತೇನೆ, ಇದು ಓಡಲೇಬೇಕು.

ಬ್ಯಾಟರಿಯ ಕಪ್ಪು ತಂತಿ ಬಿಚ್ಚಿದೆ, ಕಿಡಿ ಹಾರಬಾರದು, ಪೆಟ್ರೋಲಿನ ನೆತ್ತಿಯ ಮೇಲೆ ಕೆಲಸ. ಪ್ಲಗ್ಗು ತೆಗೆದೆ, ಲ್ಯಾಬಿನಲ್ಲಿ ಬಳಸುವ ಕ್ಲೀನರಿನ ಒಂದು ಡಬ್ಬ ಮನೆಯಲ್ಲೂ ಇತ್ತು, ತನ್ವಿಯ ಹಳೆಯ ಹಲ್ಲುಜ್ಜುವ ಬ್ರಷ್ಷು, ಚಿಮುಕಿಸು, ಉಜ್ಜು, ಒರೆಸು, ಹಸಿರು ನೀರು ಇಳಿಯುತ್ತಿದೆ, ಈಗ ಉಜ್ಜುವಲ್ಲಿ ಉಜ್ಜುತ್ತಿದ್ದೇನೆ ನೋಡು ನಂಜಮ್ಮಜ್ಜಿ, ಮತ್ತೆ ಚಿಮುಕಿಸು, ಹತ್ತಿಯ ಬತ್ತಿ ಹೊಸೆಯುವಷ್ಟು ತಾಳ್ಮೆಯಿಂದ. ಒಳಗಿನ ಹಿತ್ತಾಳೆಯ ಹಲ್ಲು ಸಡಿಲವಾಗಿದೆ, ಸೂಜಿಯ ಮೊನೆಯಿಂದ ಒಂದಿಷ್ಟು ಬಿಗಿ ಮಾಡಿದೆ. ಇದು ತಾತ್ಕಾಲಿಕ, ಹೊಸ ಪ್ಲಗ್ಗು ಬರುವವರೆಗೆ, ಆರ್ಡರ್ ಮಾಡಿದ್ದೂ ಆಯಿತು, ಆದರೆ ಇವತ್ತಿಗೆ ಸಾಕು. ಕೂರಿಸಿದೆ, ಟಕ್, ಅಲುಗಾಡಿಸಿದೆ, ಭದ್ರ. ತಗಡಿಗೆ ಸದ್ಯಕ್ಕೆ ಹಳೆಯ ಅಂಟನ್ನೇ ಒತ್ತಿ, ಸ್ಕ್ರೂ ಬಿಗಿದು, ಸೀಟು ಕೂರಿಸಿ, ಬ್ಯಾಟರಿ ಸೇರಿಸಿ, ಮುಂದೆ ಕೂತು, ಉಸಿರು ಹಿಡಿದು ಕೀಲಿ ತಿರುಗಿಸಿದೆ. ಗುಂಯ್. ಎರಡು ಸೆಕೆಂಡು. ಮುಳ್ಳು ಎದ್ದು ಅರ್ಧ ದಾಟಿತು, ಎಂಜಿನ್ ಎದ್ದಿತು, ಹತ್ತು ನಿಮಿಷ ಓಡಿಸಿದೆ, ಬಾನೆಟ್ಟು ಬಡಿದೆ, ಹಿಂದಕ್ಕೆ ಮುಂದಕ್ಕೆ ತೆಗೆದು ಧಡಕ್ಕೆಂದು ಬ್ರೇಕು ಒತ್ತಿದೆ, ನಿಲ್ಲಲಿಲ್ಲ. ಹನ್ನೊಂದೂ ಮುಕ್ಕಾಲು. ಕ್ಲಿನಿಕ್ಕಿಗೆ ಫೋನು ಮಾಡಿದೆ, ಸಂಗೀತ ಕೇಳಿಸಿದರು, ಕೇಳಿದೆ, ಕೊನೆಗೊಬ್ಬಳು ಸಿಕ್ಕಿದಳು, ನಾನು ಬರೆದ ಉತ್ತರ ತಪ್ಪು, ಅದನ್ನು ವಾಪಸು ತೆಗೆದುಕೊಳ್ಳಬೇಕು ಎಂದೆ, ತೆಗೆಯಲು ಬರುವುದಿಲ್ಲ, ಹೊಸದಾಗಿ ಬರೆದು ಸೇರಿಸಬಹುದು ಎಂದಳು, ಬರೆದೆ, ಅಲ್ಲೇ ಸ್ಟೇರಿಂಗಿನ ಮುಂದೆ ಕೂತು, ಕಾರಿನ ವಯರು ಕೆಟ್ಟಿತ್ತು, ಟ್ಯಾಂಕಿನಲ್ಲಿ ಪೆಟ್ರೋಲಿತ್ತು, ಅವರು ಮರೆತಿರಲಿಲ್ಲ, ಪರೀಕ್ಷಿಸದೆ ಬರೆದದ್ದು ನನ್ನ ತಪ್ಪು, ವಿಡಿಯೊ ಲಗತ್ತಿಸಿದ್ದೇನೆ. ಅನುರಾಗನಿಗೂ ಕಳಿಸಿದೆ. ಅವನು ಫೋನು ಮಾಡಿ, ಅಪಾಯಿಂಟ್‌ಮೆಂಟಿಗೆ ಹೋಗಿ ಬರೋಣ ಕಣೆ, ಈಗ ಕ್ಯಾನ್ಸಲ್ ಮಾಡಿದ್ರೆ ಸಂಶಯ ಹಾಗೇ ಉಳಿಯುತ್ತೆ, ನೀನು ಮೊದ್ಲು ಅಪ್ಪಂಗೆ ಹೇಳು ಎಂದ. ಹೇಳುತ್ತೇನೆ, ಅದಕ್ಕೇ ಹೋಗುತ್ತಿದ್ದೇನೆ.

ಕೈ ತೊಳೆಯಲೂ ನಿಲ್ಲದೆ ಒಳಗೆ ಬಂದೆ. ಮಾವ ಊಟದ ಮೇಜಿನ ಮುಂದೆ ಕೂತಿದ್ದಾರೆ, ಇಸ್ತ್ರಿ ಮಾಡಿದ ಬಿಳಿ ಷರ್ಟು, ಕೂದಲಿಗೆ ನೀರು ಹಚ್ಚಿ ಬಾಚಿದ್ದಾರೆ, ಹೊರಡಲು ಇನ್ನೂ ಅರ್ಧ ಗಂಟೆಯಿದ್ದರೂ ಕಾಲಿಗೆ ಬೂಟು ಹಾಕಿಯಾಗಿದೆ, ಮುಂದೆ ತನ್ವಿಯ ನೋಟುಬುಕ್ಕಿನ ಹಾಳೆ, ಹಾಳೆಯ ತುಂಬ ಸಾಲುಸಾಲು ಗಡಿಯಾರ. ಎದುರಿನ ಕುರ್ಚಿಯಲ್ಲಿ ಕೂತೆ, ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತು ಎಲ್ಲಿ ಹೋ​ಯಿತೋ, ಮಾವ, ಪೆಟ್ರೋಲು ಇತ್ತು, ನೀವು ಹೇಳಿದ್ದೇ ನಿಜ, ಅರ್ಧದ ಮೇಲೇ ಇತ್ತು, ಯುಗಾದಿ ದಿನ ನಾನು ನೀರು ಹುಯ್ದೆನಲ್ಲ, ಆ ನೀರಿಗೆ ವಯರು ಕೆಟ್ಟಿದೆ, ತಪ್ಪು ನಂದು, ನಾನು ನಿಮ್ಮನ್ನ ನಂಬಲಿಲ್ಲ. ಫೋನು ಮುಂದೆ ಹಿಡಿದೆ. ಮುಳ್ಳು ಏಳುವುದನ್ನು ಬೀಳುವುದನ್ನು ಅವರು ಕನ್ನಡಕ ಏರಿಸಿ ನೋಡಿದರು, ಇನ್ನೊಂದು ಸಲ ಹಾಕಲು ಹೇಳಿ ಮತ್ತೆ ನೋಡಿದರು, ನಗುತ್ತಾರೆ ಎಂದುಕೊಂಡೆ, ಬೈಯುತ್ತಾರೆ ಎಂದುಕೊಂಡೆ, ಎರಡಕ್ಕೂ ತಯಾರಾಗಿದ್ದೆ. ಇತ್ತಾ, ಎಂದರು, ನನ್ನನ್ನು ಕೇಳಿದರು, ಸರಿ ಉತ್ತರ ನನ್ನ ಹತ್ತಿರ ಇದೆ ಎನ್ನುವ ಹಾಗೆ. ಇತ್ತು ಮಾವ. ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡು ಹೇಳಿದರು, ಹಾಕಿಸಿರಲಿಲ್ಲ ಅಂತ ನಂಗೂ ನೆನಪು ಬಂದುಬಿಟ್ಟಿತ್ತಲ್ಲಮ್ಮ, ಹಿಂದಿನ ದಿನ ಬಂಕಿಗೆ ಹೋದೆ, ಲೈನು ಉದ್ದ ಇತ್ತು, ನಾಳೆ ನೋಡೋಣ ಅಂತ ವಾಪಸ್ ಬಂದೆ, ಮುಂದೆ ನಿಂತಿದ್ದ ಕಾರಿನ ಬಣ್ಣ ಕೂಡ ನೆನಪಿದೆ, ಕೆಂಪು. ಹಾಗೆ ನಡೆದಿರಲಿಲ್ಲ, ನಡೆದಿರಲು ಸಾಧ್ಯವಿಲ್ಲ, ಟ್ಯಾಂಕಿನಲ್ಲಿ ಅರ್ಧದ ಮೇಲೆ ಪೆಟ್ರೋಲಿತ್ತು, ಬಂಕಿಗೆ ಹೋಗುವ ಅಗತ್ಯವೇ ಇರಲಿಲ್ಲ, ನಾವಿಬ್ಬರೂ ನಂಬದೇ ಹೋದದ್ದಕ್ಕೆ ಆ ಮನುಷ್ಯ ಮನಸ್ಸಿನಲ್ಲೇ ಬಂಕಿಗೆ ಹೋಗಿ ವಾಪಸು ಬಂದಿದ್ದಾರೆ, ನಾನು ಫಾರ್ಮಿನಲ್ಲಿ ಬರೆದದ್ದನ್ನು ನಿಜ ಮಾಡಿಕೊಟ್ಟಿದ್ದಾರೆ. ಕೀಲಿಯನ್ನು ಅವರ ಮುಂದಿಟ್ಟೆ, ಇವತ್ತು ನೀವೇ ಓಡಿಸಿ ಮಾವ, ನಾನು ಪಕ್ಕದಲ್ಲಿ ಕೂತ್ಕೋತೀನಿ. ನೋಡೋಣಮ್ಮ, ಎಂದರು, ಕೀಲಿಯ ಕಡೆ ಕೈ ಹೋಗಲಿಲ್ಲ, ಪೆನ್ನಿನ ಕಡೆ ಹೋಯಿತು, ಹೇಗೂ ಹೋಗೋದಿದೆಯಲ್ಲ, ಇನ್ನೊಂದು ಬರೀತೀನಿ, ಸರಿ ಇದೆಯಾ ಅಂತ ನೀನೊಂದ್ಸಲ ನೋಡಿಬಿಡು. ಸರಿ ಇದೆ ಮಾವ, ಎಲ್ಲವೂ ಸರಿ ಇವೆ, ಮೊದಲನೆಯದರಿಂದಲೂ ಸರಿ ಇವೆ, ಅವರಿಗೆ ಕೇಳಿಸುತ್ತಿಲ್ಲ, ವೃತ್ತ ಎಳೆಯುತ್ತಿದ್ದಾರೆ, ಹನ್ನೆರಡು, ಮೂರು, ಆರು, ಒಂಬತ್ತು, ಸಣ್ಣ ಮುಳ್ಳು ಹನ್ನೊಂದರ ಮೇಲೆ, ದೊಡ್ಡ ಮುಳ್ಳು ಎರಡರ ಮೇಲೆ, ಪಕ್ಕದಲ್ಲಿ ಇನ್ನೊಂದು ವೃತ್ತ, ಸಣ್ಣ ಮುಳ್ಳು ಹನ್ನೊಂದರ ಮೇಲೆ, ದೊಡ್ಡ ಮುಳ್ಳು ಎರಡರ ಮೇಲೆ, ಸಣ್ಣ ಮುಳ್ಳು ಹನ್ನೊಂದರ ಮೇಲೆ